ಬೆಳಕಿಂಡಿ

ನಿದ್ದೆ ಹತ್ತಿದ ಕೂಸುಗಳು ಹಗುರಾಗಿ ಮೇಲೇಳುವುದು, ಎಚ್ಚರಾದಾಗ ಮೆಲ್ಲಗೆ ಇಳಿಯುವುದು ಓಣಿಗೆ ಹೊಸದಲ್ಲ. ತೊಟ್ಟಿಲು ನೋಡಿಕೊಂಡು ಹೋಗಲು ಅಂಗನವಾಡಿಯ ಗಿರಿಜವ್ವ ಬಂದಾಗ ನೀಲವ್ವನ ಕೂಸು ಹಾಸಿಗೆಯಿಂದ ಗೇಣು ಮೇಲೆ ಅಂಗಾತ ತೇಲುತ್ತಿತ್ತು. ಅದರ ಉಡಿದಾರವನ್ನು, ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕಿದ್ದ ಗುಂಡುಕಲ್ಲಿಗೆ ಕಟ್ಟಲಾಗಿತ್ತು. ಕೂಸಿನ ಅಣ್ಣನ ದಾರ ಹರಿದು ಅವನು ಮಾಳಿಗೆಯ ಬೆಳಕಿಂಡಿಯಿಂದ ಹೊರಹೋದ ಮೇಲೆ ನೀಲವ್ವ ಇದಕ್ಕೆ ಎರಡೆಳೆ ಹಾಕಿದ್ದಳು.

ಗಿರಿಜವ್ವ ದಾರ ಜಗ್ಗಿ ನೋಡಿದಳು. "ಗಂಟು ಛಲೋ ಐತಿ. ಆದ್ರ ಬೆಳಕಿಂಡಿ ಯಾಕ ತಗದಿಟ್ಟೀಯವ್ವಾ? ಮುಚ್ಚು ಅಂತ ಮೊನ್ನೆನೂ ಹೇಳೇನಿ."

ನೀಲವ್ವ ಜೋಳ ಹಸನು ಮಾಡುತ್ತಲೇ ಇದ್ದಳು. ಮೇಲೆ ನೋಡಲಿಲ್ಲ.

"ದೊಡ್ಡಾಂವ ಇನ್ನೂ ಎದ್ದಿಲ್ಲರಿ ಅಕ್ಕಾರ," ಎಂದಳು. "ಎದ್ದರ ಎಲ್ಲಿಂದ ಇಳೀಬೇಕು?"