ಡಿಸ್ಕಿನಲ್ಲಿ ಜಾಗ

ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ದನಿ ಹೊರಡುವುದಿಲ್ಲ. ಅವಳು ಮೊದಲು ಹಾಡಿದ್ದೆಲ್ಲ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿತ್ತು. ಅದೋ, ಜಾಗವಿಲ್ಲವೆಂದು ದಿನಾ ನಿಂತುಬಿಡುತ್ತಿತ್ತು. ಸಾಕಾಗಿ ಅಕ್ಕನ ಮಗಳು ಶ್ಯಾಮಲೆಯನ್ನು ಕರೆದೆ.

“ಹಾಡು ಅಳಿಸಬೇಡ ಕಣೇ.”

“ಹಾಡು ಎಷ್ಟು ಜಾಗ ತಿನ್ನುತ್ತೆ ಚಿಕ್ಕಮ್ಮ? ಈ ರೆಕಾರ್ಡಿಂಗ್ ಆ್ಯಪ್ ಇದೆಯಲ್ಲ, ಮಡಿ ಹೆಂಗಸಿನ ಹಾಗೆ. ನಮ್ಮನೆಯದು ಏನೂ ಮುಟ್ಟಲ್ಲ. ಒಲೆ, ಪಾತ್ರೆ, ನೀರು ಅಂತ ತನಗೆ ಬೇಕಾದ ಫೈಲುಗಳನ್ನೆಲ್ಲ ತಾನೇ ಹೊತ್ತು ತಂದಿದೆ. ಜಾಗವೆಲ್ಲ ಅದಕ್ಕೇ ಹೋಗಿದೆ.”

“ಹಾಗಾದರೆ ಗಂಟುಮೂಟೆ ಸಮೇತ ಕಳಿಸಿಬಿಡು.”

ಕಳಿಸಿದಳು. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಾಯಿತು. ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತಳು.

“ಈಗ ನಿಮ್ಮಮ್ಮನ ಹಾಡು ಹಾಕು,” ಎಂದೆ.

ಶ್ಯಾಮಲೆ ಹುಡುಕಿದಳು. ತುಂಬ ಹೊತ್ತು ಹುಡುಕಿದಳು.

“ಹಾಡುಗಳನ್ನೂ ಅದು ತನ್ನ ಹತ್ತಿರವೇ ಇಟ್ಟುಕೊಂಡಿತ್ತು, ಚಿಕ್ಕಮ್ಮ.”