ಒಂದೇ ಪಥ್ಯ

"ನಿಮ್ಮ ಭಾಷೆಯಲ್ಲೇ ಹೇಳ್ತೀನಿ ಮೇಡಂ," ಎಂದರು ಡಾಕ್ಟರಮ್ಮ, ರಕ್ತಪರೀಕ್ಷೆಯ ವರದಿಯನ್ನು ಪಕ್ಕಕ್ಕಿಟ್ಟು. "ಕಾರು ಕಲಿಸುವಾಗ ನಿಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇರ್ತಿತ್ತಲ್ಲ? ಹೆಂಗಸರ ಮೈಯಲ್ಲಿ ಈಸ್ಟ್ರೊಜನ್ ಅನ್ನೋ ಹಾರ್ಮೋನ್ ಹಾಗೆ. ಅದು ಇರೋವರೆಗೂ ಕೆಟ್ಟ ಕೊಲೆಸ್ಟರಾಲ್ ಅಷ್ಟಾಗಿ ಏರೋಕೆ ಬಿಡಲ್ಲ. ಗಡ್ಡೆ ಜೊತೆ ಅದನ್ನ ತಯಾರಿಸೋ ಎರಡೂ ಅಂಡಾಶಯ ತೆಗೆದ್ವಿ. ಬ್ರೇಕ್ ಹೋಯ್ತು."

ಡ್ರೈವಿಂಗ್ ಶಾಲೆಯ ಟೀಚರ್ ನಕ್ಕಳು. ಊರಿನ ಅರ್ಧ ಹೆಂಗಸರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವಳು, ಈ ಡಾಕ್ಟರಮ್ಮನಿಗೂ. ಪಕ್ಕದಲ್ಲಿ ಕೂತ ಅಮ್ಮ ನಗಲಿಲ್ಲ.

"ಮಾತ್ರೆ ಕೊಟ್ಟು ಅದನ್ನ ವಾಪಸ್ ತರೋಕಾಗಲ್ವಾ?" ಅಮ್ಮ ಕೇಳಿದಳು.

"ಆ ಗಡ್ಡೆ ಅಂಥದ್ದಮ್ಮ, ಹಾರ್ಮೋನ್ ಕೊಟ್ರೆ ಮತ್ತೆ ಬೆಳೆಯೋ ಅಪಾಯ ಇದೆ. ಸದ್ಯಕ್ಕೆ ಊಟದಲ್ಲಿ ನಾರು ಜಾಸ್ತಿ ಮಾಡಿ. ಓಟ್ಸ್, ಕಾಳು, ಸೊಪ್ಪು, ಸಿಪ್ಪೆ ಸಮೇತ ಸೇಬು. ಆ ನಾರು ಕರುಳಲ್ಲಿ ಒಂದಷ್ಟು ಕೊಲೆಸ್ಟರಾಲ್ ಹೊರಗೆ ಸಾಗಿಸುತ್ತೆ. ಆಮೇಲೆ ಮತ್ತೆ ರಕ್ತ ನೋಡೋಣ."

"ಇದು ನನಗೆ ಹೇಳಿದ ಪಥ್ಯ," ಅಮ್ಮ ಮೆಲ್ಲಗೆ ಅಂದಳು. "ನನಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು ಡಾಕ್ಟ್ರೇ. ಇವಳಿಗಿನ್ನೂ ಮೂವತ್ತನಾಲ್ಕು."

ಡಾಕ್ಟರಮ್ಮ ಪಥ್ಯದ ಚೀಟಿ ಬರೆದು ಅಮ್ಮನ ಕೈಗಿಟ್ಟರು.

ಆ ಸಂಜೆ ಅಮ್ಮ ಎರಡು ಬಟ್ಟಲಿಗೂ ಒಂದೇ ಊಟ ಬಡಿಸಿದಳು: ಬೇಯಿಸಿದ ಕಾಳು, ಅದರ ಮೇಲೆ ಸೊಪ್ಪು. ಇಷ್ಟು ದಿನ ಅಮ್ಮನ ಬಟ್ಟಲು ನೋಡಿ "ಕುದುರೆ ಮೇವು" ಎಂದು ಗೇಲಿ ಮಾಡುತ್ತಿದ್ದವಳು ಮಗಳೇ. ಈಗ ಅದೇ ಮೇವು ಅವಳ ಮುಂದೆಯೂ ಇತ್ತು. ಆಪರೇಷನ್ನಿಗೆ ಅವಳು ಅತ್ತಿರಲಿಲ್ಲ. ಗೊತ್ತಾಗಿದ್ದ ಮದುವೆ ಮುರಿದು, ಹುಡುಗನ ತಾಯಿ "ನಮ್ಮನೆಗೆ ಮಗು ಬೇಕಲ್ಲಮ್ಮ" ಎಂದು ಫೋನ್ ಇಟ್ಟಾಗಲೂ ಹಲ್ಲು ಕಚ್ಚಿ ಕೂತಿದ್ದಳು. ಒಂದು ಬಟ್ಟಲು ಕಾಳಿಗೆ ಕಟ್ಟೆಯೊಡೆಯಿತು.

"ನಿನ್ನ ಊಟ ನಾನ್ಯಾಕಮ್ಮ ಉಣ್ಣಲಿ? ಮದುವೆ ಇಲ್ಲ, ಮಗು ಇಲ್ಲ, ನಡುವೆ ಏನೂ ಇಲ್ದೆ ನಿನ್ನ ವಯಸ್ಸಿಗೆ ಬಂದುಬಿಟ್ನಲ್ಲ!"

ತಳ್ಳಿದ ಬಟ್ಟಲು ಮಗುಚಿ ಕಾಳೆಲ್ಲ ನೆಲದ ಪಾಲಾಯಿತು.

ಅಮ್ಮ ಬೈಯಲಿಲ್ಲ. ಮಂಡಿ ಹಿಡಿದುಕೊಂಡು ಕೂತು ಎಲ್ಲವನ್ನೂ ಬಳಿದಳು. ಕೈ ತೊಳೆದು ಬಂದು, ತನ್ನ ಬಟ್ಟಲಿನಿಂದ ಒಂದು ಚಮಚ ಎತ್ತಿ ಮಗಳ ಬಾಯಿಗೆ ಹಿಡಿದಳು.

"ನಿಮ್ಮಪ್ಪನ್ನ ಎದೆನೋವು ಕರ್ಕೊಂಡು ಹೋಯ್ತು. ನಿನ್ನ ಬಿಡಲ್ಲ ನಾನು. ಅಳೋದಕ್ಕೆ ಪಥ್ಯ ಇಲ್ಲ ಮಗಳೇ, ಅಳ್ತಾನೇ ತಿನ್ನು."

ಮಗಳು ತಿಂದಳು. ಅರ್ಧಕ್ಕೆ ಬರುವಷ್ಟರಲ್ಲಿ ಎದೆಯಿಂದ ಕಾವೆದ್ದು, ಕುತ್ತಿಗೆಗೇರಿ, ಹಣೆ ತೊಯ್ದುಹೋಯಿತು. ಆಪರೇಷನ್ ಆದಾಗಿನಿಂದ ಹೊತ್ತುಗೊತ್ತಿಲ್ಲದೆ ಹೀಗೆ ಬೇಗೆ ಏಳುತ್ತಿತ್ತು. ಅವಳು ಎದ್ದು ಕಿಟಕಿಯನ್ನು ಪೂರ್ತಿ ತೆರೆದು, ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಚಳಿಗಾಲದ ಗಾಳಿ ಒಳಗೆ ನುಗ್ಗಿತು. ಅಮ್ಮ ಇನ್ನೊಂದು ಕುರ್ಚಿ ತಂದು ಅವಳಿಗೆ ಅಂಟಿಕೊಂಡು ಕೂತಳು.

"ಒಳಗೆ ಹೋಗಮ್ಮ, ಮಂಡಿ ಹಿಡ್ಕೊಳ್ಳುತ್ತೆ."

"ನನಗೂ ಸೆಕೆ ಕಣೇ," ಎಂದಳು ಅಮ್ಮ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.