ಕರಡಿಗೆ ಒತ್ತಿದ ಗುರುತು

ಮಹೇಶ್ವರಪ್ಪ ಮತ್ತೆ ಶಿಬಿರದ ಬೆಂಚಿನಿಂದ ಎದ್ದ. ಶಂಕ್ರಮ್ಮ ಗಂಡನ ಅಂಗಿಯ ಚುಂಗು ಹಿಡಿದು ಕೂರಿಸಿದಳು.

"ಬಸ್ ತಪ್ಪುತೈತೆ ಕಣೇ. ಇನ್ನೊಂದಿನ ಬಂದ್ರಾತು."

"ಸುಮ್ನೆ ಕೂರ್ರಿ."

ಈ 'ಇನ್ನೊಂದಿನ' ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಗಂಟು ಕೈಗೆ ಸಿಕ್ಕಿದ್ದು ಯುಗಾದಿಯ ಎಣ್ಣೆಸ್ನಾನದ ದಿನ. ಆಗ ಅವರೆಕಾಳಿನಷ್ಟಿತ್ತು. ಶ್ರಾವಣ ಕಳೆಯುವಷ್ಟರಲ್ಲಿ ಗೋಲಿಯಷ್ಟಾಯಿತು. ಗಂಡನದು ಮಾತ್ರ ಒಂದೇ ರಾಗ: "ಲಿಂಗದ ಕರಡಿಗೆ ಒತ್ತಿರ್ತೈತೆ. ಶಿವದಾರ ಉದ್ದ ಮಾಡಿದ್ರೆ ಸರಿಹೋಗ್ತೈತೆ." ದಾರ ಉದ್ದ ಮಾಡಿದ್ದೂ ಆಯಿತು, ಬೆಳ್ಳಿ ಕರಡಿಗೆ ಎದೆಯಿಂದ ಹೊಟ್ಟೆಗೆ ಇಳಿದದ್ದೂ ಆಯಿತು. ಗಂಟು ಜಪ್ಪಯ್ಯ ಅಂದರೂ ಕರಗಲಿಲ್ಲ.

ಸವಳಂಗದ ಡಾಕ್ಟರು ಮುಟ್ಟಿ ನೋಡಿ, ತಡಮಾಡದೆ ಹೊನ್ನಾಳಿಯ ಶಿಬಿರಕ್ಕೆ ಹೋಗಿ ಎಂದಿದ್ದರು. ಎಕ್ಸ್‌ರೇ ಇಲ್ಲ, ನೋವಿಲ್ಲ. ಕತ್ತಲ ಕೋಣೆಯಲ್ಲಿ ಎದೆಗೆ ಕೆಂಪು ಬೆಳಕು ಹಾಯಿಸುತ್ತಾರೆ. ಟಾರ್ಚಿನ ಮೇಲೆ ಅಂಗೈ ಇಟ್ಟರೆ ಕೆಂಪಗೆ ಹೊಳೆಯುವುದಿಲ್ಲವೇ, ಹಾಗೆ. ಗಂಟಿದ್ದಲ್ಲಿ ಕಪ್ಪು ನೆರಳು. ನೆರಳು ಕಂಡರೆ ದಾವಣಗೆರೆಯಲ್ಲಿ ಸೂಜಿ ಹಾಕಿ ಪರೀಕ್ಷೆ. ಕ್ಯಾನ್ಸರೋ ಅಲ್ಲವೋ ಆಗ ಗೊತ್ತಾಗುತ್ತದೆ.

ಇಷ್ಟಕ್ಕೇ ಈ ಮನುಷ್ಯ ಮನೆಯಲ್ಲಿ ಕುಣಿದಾಡಿದ್ದ. "ಕಂಡೋರ ಮುಂದೆ ಎದೆ ಬಿಚ್ಚಿ ನಿಲ್ಲಾದಾ? ಊರಾಗೆ ತಲೆ ಎತ್ಕೊಂಡು ಓಡಾಡಾಕೆ ಆಗ್ತೈತೇನೇ?"

"ಜೀವ ಹೋದ್ಮ್ಯಾಲೆ ತಲೆ ಎತ್ತೋರು ಯಾರ್ರೀ?" ಎಂದು ಅವಳೂ ಕೂಗಾಡಿದ್ದಳು. ಮರ್ಯಾದೆಯಂತೆ, ಮರ್ಯಾದೆ! ಈಗ ನೆನೆದರೂ ಸಿಟ್ಟಿಗೆ ಅಳುವೇ ಬರುತ್ತಿತ್ತು.

ಸಾಲಿನಲ್ಲಿದ್ದವರೆಲ್ಲ ಹೆಂಗಸರು. ಮಹೇಶ್ವರಪ್ಪ ಒಬ್ಬನೇ ಗಂಡಸು, ತಲೆ ತಗ್ಗಿಸಿ ಕೂತಿದ್ದ. ಪರೀಕ್ಷೆ ಮುಗಿಸಿ ಹೊರಬಂದ ಜಗಳೂರು ಕಡೆಯ ಓಬವ್ವ, ಶಂಕ್ರಮ್ಮನ ಕೈ ಹಿಡಿದಳು.

"ಹೆದರಬ್ಯಾಡ್ರಿ ಅಕ್ಕಾ, ಇರುವೆ ಕಚ್ಚಿದಷ್ಟೂ ನೋವಿಲ್ಲ. ನಿಮ್ಮ ಯಜಮಾನ್ರು ಪುಣ್ಯಾತ್ಮರು, ಜತೀಗೆ ಬಂದಾರೆ. ನಮ್ಮೋರು ಬಸ್ಸಿಗೂ ಹತ್ತಿಸಲಿಲ್ಲ."

"ಹೂಂ ಕಣವ್ವ. ಇವ್ರು ಬರದಿದ್ರೆ ನಾನೊಬ್ಬಳೇ ಬಂದು ಏನು ಮಾಡ್ಲಿ?"

ಮಹೇಶ್ವರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಪರದೆ ಸರಿಯಿತು. "ಸವಳಂಗದೋರು ಬರ್ರಿ," ಎಂದಳು ನರ್ಸ್.

ಶಂಕ್ರಮ್ಮ ಎದ್ದಳು. ಗಂಡನ ರಟ್ಟೆ ಬಿಡದೆ ಬಾಗಿಲವರೆಗೂ ಎಳೆದುಕೊಂಡೇ ಹೋದಳು. ನರ್ಸ್ ಕೈ ಅಡ್ಡ ಹಿಡಿದಳು.

"ಯಜಮಾನ್ರು ಹೊರಗೆ ಕೂರ್ಲಿ ಅಮ್ಮಾ. ಪರೀಕ್ಷೆ ಇರೋರು ಮಾತ್ರ ಒಳಗೆ."

"ಹೊರಗೆ ಕೂರಾಕೆ ನಾನಿದೀನಿ ತಾಯಿ," ಎಂದ ಶಂಕ್ರಮ್ಮ ಗಂಡನ ಅಂಗಿಯ ಗುಂಡಿ ಬಿಚ್ಚತೊಡಗಿದಳು. "ಗಂಟಿರೋದು ಇವ್ರ ಎದ್ಯಾಗೆ."